ಸೋಮವಾರದ ರಾಜದೂತ್

ಕೊಂಕಲ್
11 ಫೆಬ್ರವರಿ 2024

ಖಾಜಾಮಿಯಾ ಚಾಚಾರಿಗೆ ದಾನೇಶ್ವರಿಯ ಶರಣಾರ್ಥಿ.

ನಿಮ್ಮ ಕಿವಿ ಈಗ ಪೂರ್ತಿ ಹೋಗಿವೆ ಎಂದು ನಿಮ್ಮ ಮಗಳು ಕಹಕಶಾ ಹೇಳಿದಳು. ಅವಳ ಮೊಬೈಲಿಗೆ ಬರೆದರೆ ಅವಳು ಓದಿ, ಅರ್ಧ ಮರೆತು, ಉಳಿದರ್ಧ ನಿಮಗೆ ಕೈಸನ್ನೆ ಮಾಡಿ ಹೇಳಬೇಕು. ಅದಕ್ಕಿಂತ ಅಂಚೆಯೇ ವಾಸಿ. ಶಹಾಪುರದಲ್ಲಿ ಅಪ್ಪನ ಹೊಲಿಗೆ ಅಂಗಡಿಯ ಪಕ್ಕಕ್ಕೇ ನಿಮ್ಮ ಗ್ಯಾರೇಜು ಇತ್ತು. ನಟ್ಟು ಬಿಚ್ಚುವ ಪಾನಾ ಎಲ್ಲಿ ಎಂದು ನೀವು ಕೂಗುವ ಮೊದಲೇ ತಂದು ಕೈಗಿಡುತ್ತಿದ್ದವಳು ನಾನು. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ಗ್ಯಾರೇಜು ಮುಚ್ಚಿ ಮಗಳ ಮನೆಗೆ ಹೋಗುವಾಗ ನೀವು ನನಗೆ ಕೀಲಿ ಕೊಟ್ಟ ರಾಜದೂತ್ ನಮ್ಮ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿದೆ. ಅದನ್ನು ಮತ್ತೆ ಓಡುವಂತೆ ಮಾಡಬೇಕು, ನನ್ನ ಕೈಯಿಂದಲೇ ಮಾಡಬೇಕು. ಕಿಕ್ ಹೊಡೆದರೆ ಬರೀ ಉಸಿರು ಬಿಡುತ್ತದೆ. ಪ್ಲಗ್ಗಿನಲ್ಲಿ ಕಿಡಿ ಇಲ್ಲ. ಟ್ಯಾಂಕಿನೊಳಗೆ ತುಕ್ಕು ಹಪ್ಪಳದಂತೆ ಎದ್ದಿದೆ. ಎಲ್ಲಿಂದ ಶುರು ಮಾಡಲಿ?

ಕೊಟ್ಟಿಗೆಯಲ್ಲಿ ಈಗ ಜಾಗ ಬೇಕಾದಷ್ಟಿದೆ. ಒಂದು ಎತ್ತಿನ ಕಾಲು ಹೋಯಿತೆಂದು ಮಾವ ಜೋಡಿಯನ್ನೇ ಮಾರಿದರು. ಎತ್ತಿಲ್ಲದ ಮನೆಯವರು ಒಕ್ಕಲುತನ ಮಾಡಬಾರದು, ಹೊಲ ಲೀಜಿಗೆ ಕೊಟ್ಟುಬಿಡೋಣ ಎಂದು ಹಟ ಹಿಡಿದಿದ್ದಾರೆ. ಉಳಲು, ಬಿತ್ತಲು ಬಾಡಿಗೆ ಟ್ರ್ಯಾಕ್ಟರ್ ಸಿಗುತ್ತದೆ. ಹತ್ತಿ ಮೊಳೆತ ಮೇಲೆ ಸಾಲಿನ ನಡುವಿನ ಕಳೆ ತೆಗೆಯಲು, ಎಡೆ ಹೊಡೆಯಲು, ಎತ್ತೇ ಬೇಕು. ಬಾಡಿಗೆ ಎತ್ತು ತಮ್ಮ ಒಡೆಯನ ಹೊಲ ಮುಗಿಸಿಯೇ ನಮ್ಮ ಕಡೆ ಬರುವುದು. ನನ್ನ ಗಂಡ ಬಸವಲಿಂಗ ಸುರಪುರ ಡಿಪೋದಲ್ಲಿ ಕಂಡಕ್ಟರ್, ಹೊಲ ನೋಡುವವಳು ನಾನೊಬ್ಬಳೇ. ಇದೊಂದು ಹಂಗಾಮು ಬಿಡಿ ಎಂದು ಮಾವನನ್ನು ಕೇಳಿಕೊಂಡಿದ್ದೇನೆ. ಈ ಸಲ ಕಳೆ ಹತ್ತಿಯನ್ನು ನುಂಗಿದರೆ ಹೊಲ ಲೀಜಿಗೆ, ಇಲ್ಲದಿದ್ದರೆ ನನ್ನ ಕೈಯಲ್ಲಿ. ಹೊಲ ಬೇರೆಯವರ ಕೈಗೆ ಹೋದರೆ ನಾನು ಆ ದಾರಿಯಲ್ಲಿ ನಡೆಯಲಾರೆ, ಚಾಚಾ.

ಅದಿರಲಿ, ನೀವು ಗಾಡಿಯ ವಿಷಯ ಬರೆಯಿರಿ.

ದಾನೇಶ್ವರಿ


ಹೈದರಾಬಾದ್
25 ಫೆಬ್ರವರಿ 2024

ದಾನೇಶ್ವರಿ ಬೇಟಿಗೆ ಖಾಜಾಮಿಯಾನ ದುವಾ.

ಅಂಚೆಯವನು ಮೂರನೇ ಮಹಡಿ ಹತ್ತಿ ಬಂದು ನನ್ನ ಮುಖವನ್ನೇ ನೋಡಿದ. ಈ ಕಟ್ಟಡದಲ್ಲಿ ಕೈಬರಹದ ಕಾಗದ ಬಂದದ್ದು ಅವನೂ ನೋಡಿರಲಿಲ್ಲವಂತೆ.

ಸಿಟ್ಟಿನಿಂದ ಕಿಕ್ ಹೊಡೆಯಬೇಡ, ಮೊದಲು ಟ್ಯಾಂಕ್ ಬಿಚ್ಚು. ಒಂದು ಬೊಗಸೆ ಸಣ್ಣ ಕಲ್ಲು, ಒಂದಿಷ್ಟು ಸೀಮೆಎಣ್ಣೆ ಹಾಕಿ ತೋಳು ಸೋಲುವವರೆಗೆ ಅಲ್ಲಾಡಿಸು. ಚೆಲ್ಲು, ಮತ್ತೆ ಹಾಕು. ತಿಳಿಯಾಗಿ ಬರುವವರೆಗೆ ಬಿಡಬೇಡ. ಕಿಡಿ ಹಾರಿಸುವ ಪಾಯಿಂಟು ಶುದ್ಧವಾಗಿರಬೇಕು. ಪಾಲಿಶ್ ಕಾಗದದಿಂದ ಮೆಲ್ಲಗೆ ತಿಕ್ಕು, ನಡುವೆ ಮದುವೆ ಕಾರ್ಡು ತೂರುವಷ್ಟು ಸಂದು ಬಿಡು. ಕಾರ್ಬೊರೇಟರಿನ ತೂತಿಗೆ ಬಾಯಿಂದ ಊದು, ಸೂಜಿ ಚುಚ್ಚಿದೆಯೋ ನನ್ನ ಕೈಯಲ್ಲಿ ಬೈಸಿಕೊಳ್ಳುತ್ತಿ. ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನು ಮರೆತರೆ ಎಂಜಿನ್ ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ಮರೆಯಬೇಡ.

ನಾನು ಇಲ್ಲಿ ಬಾದಶಹಾನಂತೆ ಇದ್ದೇನೆ. ಕಿಟಕಿಯಿಂದ ನೋಡಿದರೆ ಇಡೀ ಹೈದರಾಬಾದಿನ ಗಾಡಿಗಳು ಕೆಳಗೆ ಹರಿಯುತ್ತವೆ. ಶಬ್ದ ಕೇಳಿಸುವುದಿಲ್ಲ. ಹೊಗೆ ನೋಡಿ ಯಾವುದರ ಪಿಸ್ಟನ್ ರಿಂಗ್ ಸವೆದಿದೆ ಎಂದು ಹೇಳುತ್ತೇನೆ, ಕಹಕಶಾ ನಗುತ್ತಾಳೆ.

ನಿನ್ನ ಮಾವ ಅಮರಪ್ಪನಿಗೆ ಸಲಾಂ ಹೇಳು. ನಾನೂ ಕೊಂಕಲ್ಲಿನಲ್ಲಿ ಹುಟ್ಟಿದವನೇ. ನಮ್ಮ ಅಪ್ಪನ ಹೊಲಕ್ಕೂ ಅವರ ಹೊಲಕ್ಕೂ ನಡುವೆ ಇದ್ದದ್ದು ಒಂದೇ ಬದು. ಅವನು ಹಟ ಹಿಡಿದರೆ ಬಿಡುವವನಲ್ಲ, ನೀನೂ ಬಿಡಬೇಡ.

ಖಾಜಾಮಿಯಾ


ಕೊಂಕಲ್
7 ಏಪ್ರಿಲ್ 2024

ಚಾಚಾ,

ಶುರುವಾಯಿತು!

ತೋಳು ಸೋತವು, ಕಾಲು ಸೋತಿತು, ಮೂರು ಕಡೆ ಬೆರಳು ಸುಲಿಯಿತು. ನಿನ್ನೆ ಸಂಜೆ ಒಂದು ಕಿಕ್ಕಿಗೆ ಕೆಮ್ಮಿತು, ಇನ್ನೊಂದಕ್ಕೆ ಸಿಡಿಯಿತು, ಆಮೇಲೆ ನಿಂತಲ್ಲೇ ಗುಡುಗಲು ಹತ್ತಿತು. ಕೊಟ್ಟಿಗೆ ತುಂಬ ನೀಲಿ ಹೊಗೆ. ಕೋಳಿಗಳು ಮಾಳಿಗೆ ಏರಿದವು. ಅತ್ತೆ ರೊಟ್ಟಿ ಬಡಿಯುವ ಕೈಯಲ್ಲೇ ಓಡಿಬಂದರು. ಮಾವ ಬಾಗಿಲಲ್ಲಿ ನಿಂತು, "ಎತ್ತು ಕಟ್ಟೂ ಜಾಗದಾಗ ಇದೇನ್ ಗದ್ಲ ಹಚ್ಚಿದ್ದೀ?" ಎಂದರು. ಬೈಗುಳವೇನೋ ಹೌದು, ಆದರೆ ಹೊಗೆ ಕರಗುವವರೆಗೂ ಅಲ್ಲಿಂದ ಕದಲಲಿಲ್ಲ.

ನಾನು ಅತ್ತೆನೋ ನಕ್ಕೆನೋ ತಿಳಿಯದು. ಅಷ್ಟು ಖುಷಿಯಾಗಿತ್ತು.

ಈಗ ಒಂದೆರಡು ಮಾತು ಕೇಳಬೇಕು. ಮೊದಲ ಗೇರಿನಲ್ಲೇ ಒಂದು ತಾಸು ಓಡಿಸಿದರೆ ಎಂಜಿನ್ನಿಗೆ ಏನಾಗುತ್ತದೆ? ಹಿಂದಿನ ಚಕ್ರಕ್ಕೆ ಈಗಿರುವುದಕ್ಕಿಂತ ದೊಡ್ಡ, ಹೆಚ್ಚು ಹಲ್ಲಿನ ಚೈನ್ ಸ್ಪ್ರಾಕೆಟ್ ಕೂರುತ್ತದೆಯೇ? ಸುಮ್ಮನೆ ಕೇಳುತ್ತಿದ್ದೇನೆ.

ದಾನೇಶ್ವರಿ


ಹೈದರಾಬಾದ್
21 ಏಪ್ರಿಲ್ 2024

ಬೇಟಿ,

ಶಾಬಾಶ್! ನಿನ್ನ ಪತ್ರವನ್ನು ಕಹಕಶಾಳಿಗೆ ಓದಿ ಹೇಳಿದೆ, ಅವಳ ಗಂಡನಿಗೂ ಹೇಳಿದೆ, ಪಕ್ಕದ ಮನೆಯವನಿಗೂ ಹೇಳಿದೆ. ಅವನಿಗೆ ಕನ್ನಡ ಬಾರದು, ಆದರೂ ತಲೆ ಆಡಿಸಿದ.

ನಿನ್ನ ಪ್ರಶ್ನೆ ಓದಿ ಮಾತ್ರ ನಗು ತಡೆಯಲಾಗಲಿಲ್ಲ. ಮೊದಲ ಗೇರಿನಲ್ಲಿ ಒಂದು ತಾಸು! ನಿನಗೆ ಕಲಿಸುತ್ತಿರುವವನು ಬಸವಲಿಂಗನೇ ಇರಬೇಕು. ಕಂಡಕ್ಟರ್ ಆದವನು ಸೀಟಿ ಊದಬೇಕು, ಗೇರು ಹೇಳಿಕೊಡಲು ಹೋಗಬಾರದು. ರಾಜದೂತಿಗೆ ಇರುವುದೇ ಮೂರು ಗೇರು, ಮೂರನ್ನೂ ಹಾಕಲು ಕಲಿ. ನಿಧಾನಕ್ಕೆ ಓಡಿದರೆ ಎಂಜಿನ್ನಿಗೆ ಗಾಳಿ ಹತ್ತದೆ ಕಾದು ಕೆಂಡವಾಗುತ್ತದೆ.

ದೊಡ್ಡ ಸ್ಪ್ರಾಕೆಟ್ ಯಾಕೆಂದು ನನಗೆ ಗೊತ್ತಾಯಿತು. ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಸುರಪುರದ ಗುಡ್ಡ ಏರುವ ವಿಚಾರ. ಅನ್ನಮ್ಮನವರನ್ನು ನಾನು ಕಂಡವನು, ನಿನ್ನ ಚಿಂತೆ ಬರೋಬರಿ ಇದೆ. ಶಹಾಪುರದ ಲೇಥ್ ಅಂಗಡಿಯಲ್ಲಿ ಕಡೆಸಿಕೋ, ಚೈನ್ ಉದ್ದ ಮಾಡಿಸು. ಆದರೆ ಚೌಕಟ್ಟಿಗೆ ಕೈ ಹಚ್ಚಬೇಡ. ಬೆಸುಗೆ ಬೇಡ, ತೂತು ಬೇಡ. ಇಷ್ಟು ವರ್ಷ ಅದಕ್ಕೆ ನಾನು ಒಂದು ಮೊಳೆಯ ಗುರುತು ಬೀಳಗೊಡಲಿಲ್ಲ.

ಬಕ್ರೀದ್ ಮುಗಿದ ಮೇಲೆ ಬರುತ್ತೇನೆ. ಒಂದು ಸಲ ಆ ಗಾಡಿಯ ಮೇಲೆ ಸುರಪುರಕ್ಕೆ ಹೋಗಿಬರಬೇಕು. ಕಿವಿ ಕೇಳದಿದ್ದರೇನು, ಹ್ಯಾಂಡಲ್ ಹಿಡಿದರೆ ಎಂಜಿನ್ ಮಾತಾಡುವುದು ಅಂಗೈಗೆ ತಿಳಿಯುತ್ತದೆ.

ಖಾಜಾಮಿಯಾ


ಕೊಂಕಲ್
24 ಜೂನ್ 2024

ಚಾಚಾ,

ಬರುತ್ತೇನೆಂದು ನೀವು ಬರೆದ ಮೇಲೆ ಪೆನ್ನು ಹಿಡಿಯುವ ಧೈರ್ಯ ಆಗಲಿಲ್ಲ. ಈಗ ಬಕ್ರೀದ್ ಮುಗಿದಿದೆ. ನೀವು ಬಸ್ಸಿಳಿದು ಅಂಗಳದಲ್ಲಿ ನಿಂತು ನೋಡುವ ಮೊದಲು ನಾನೇ ಹೇಳುವುದು ಒಳ್ಳೆಯದು. ನೀವು ಕೊಟ್ಟ ಗಾಡಿ ಈಗ ಎಡೆ ಹೊಡೆಯುವ ಗಾಡಿ.

ಹಿಂದಿನ ಚೌಕಟ್ಟಿಗೆ ಕಬ್ಬಿಣದ ಆಂಗಲ್ ಬೆಸುಗೆ ಹಾಕಿಸಿದ್ದೇನೆ. ಎತ್ತಿನ ನೊಗಕ್ಕೆ ಕಟ್ಟುತ್ತಿದ್ದ ಎಡೆಕುಂಟೆಯನ್ನು ಅದಕ್ಕೆ ಸಿಕ್ಕಿಸುತ್ತೇವೆ. ನಾನು ಕೂತು ಓಡಿಸುತ್ತೇನೆ. ಹೊಲದ ಕೆಲಸಕ್ಕೆ ಬರುವ ಮಲ್ಲಿಕಮ್ಮ ಕುಂಟೆಯ ಹಿಡಿಕೆ ಒತ್ತಿಕೊಂಡು ಹಿಂದೆ ನಡೆಯುತ್ತಾಳೆ. ಮಡ್‌ಗಾರ್ಡ್ ಎರಡನ್ನೂ ತೆಗೆಯಲೇಬೇಕಾಯಿತು. ಎರೆಮಣ್ಣು ಒಳಗೆ ಮೆತ್ತಿ ಚಕ್ರ ಹಿಡಿದುಕೊಂಡು ಮೊದಲ ದಿನವೇ ಗಾಡಿ ನನ್ನನ್ನು ಬದುವಿನಾಚೆ ಎಸೆಯಿತು. ಹಿಂದಿನ ಸೀಟು, ಚೈನಿನ ಕವಚ, ಕ್ಯಾರಿಯರ್ ಎಲ್ಲ ಅಟ್ಟದ ಮೇಲಿವೆ. ನಿಮ್ಮ ಸ್ಪ್ರಾಕೆಟ್ಟಿನ ಮಾತು ಸರಿಯಾಗಿಯೇ ಇತ್ತು, ಅತ್ತೆಯ ಸಲುವಾಗಿ ಅಲ್ಲದಿದ್ದರೂ. ಗಾಡಿ ಈಗ ಎತ್ತಿನ ನಡಿಗೆಯಲ್ಲೇ ನಡೆಯುತ್ತದೆ.

ಮೊನ್ನೆ ಕಾರಹುಣ್ಣಿಮೆ. ಊರಿನ ಎತ್ತುಗಳೆಲ್ಲ ಮೈತೊಳೆಸಿಕೊಂಡು, ಕೊಂಬಿಗೆ ಬಣ್ಣ ಬಳಿಸಿಕೊಂಡು ನಿಂತಿದ್ದವು. ನಮ್ಮ ಕೊಟ್ಟಿಗೆ ಮಾತ್ರ ಬಣಗುಟ್ಟುತ್ತಿತ್ತು. ಮಧ್ಯಾಹ್ನ ನೋಡುತ್ತೇನೆ, ಅತ್ತೆ ಗಾಡಿಯ ಹ್ಯಾಂಡಲಿಗೆ ಅರಿಷಿಣ ಹಚ್ಚಿ, ಮಾರಿದ ಎತ್ತಿನ ಗಂಟೆ ತಂದು ಕಟ್ಟಿ, ಹೆಡ್‌ಲೈಟಿನ ಬಾಯಿಗೆ ಹೋಳಿಗೆ ಮುಟ್ಟಿಸುತ್ತಿದ್ದಾರೆ. "ಈ ವರ್ಷ ನಮ್ಮ ಎತ್ತು ಇದಾ," ಎಂದರು. ನನಗೂ ಹುರುಪು ಬಂತು. ಸಂಜೆ ಊರ ಅಗಸೆ ಬಾಗಿಲಲ್ಲಿ ಎತ್ತು ಓಡಿಸಿ ಕರಿ ಹರಿಯುವಾಗ ಎತ್ತುಗಳ ಸಾಲಿನಲ್ಲಿ ನಾನೂ ಗಾಡಿ ಓಡಿಸಿದೆ. ಎಲ್ಲರಿಗಿಂತ ಮುಂದೆ ಬಂದೆ, ಜನ ಸೀಟಿ ಹೊಡೆದರು.

ಸಿಟ್ಟು ಬಂದರೆ ಬರಲಿ, ನೀವು ಬನ್ನಿ. ಕೆಲಸ ಚೆನ್ನಾಗಿ ಆಗಿದೆ.

ದಾನೇಶ್ವರಿ


ಹೈದರಾಬಾದ್
2 ಜುಲೈ 2024

ದಾನೇಶ್ವರಿಗೆ,

ಓದಿದೆ. ನಾನು ಬರುವುದಿಲ್ಲ.

ಚೌಕಟ್ಟಿಗೆ ಕೈ ಹಚ್ಚಬೇಡ ಎಂದು ಕನ್ನಡದಲ್ಲೇ ಬರೆದಿದ್ದೆ. ಗಾಡಿ ಕೊಟ್ಟದ್ದು ಓಡಿಸಲು, ಕೊಯ್ದು ಅಟ್ಟಕ್ಕೆ ಹಾಕಲು ಅಲ್ಲ. ಆರ್‌ಸಿ ಬುಕ್ಕಿನಲ್ಲಿ ಇವತ್ತಿಗೂ ನನ್ನ ಹೆಸರಿದೆ. ಬೆಸುಗೆ ಬಿಡಿಸಿ, ತೆಗೆದದ್ದೆಲ್ಲ ಕೂರಿಸಿ, ಈ ಕಡೆ ಬರುವ ಯಾವುದಾದರೂ ಲಾರಿಗೆ ಹಾಕಿ ಕಳಿಸು. ಇಲ್ಲಿ ಜಾಗ ಇಲ್ಲದಿದ್ದರೆ ಮೆಟ್ಟಿಲ ಕೆಳಗೆ ನಿಲ್ಲಿಸಿಕೊಳ್ಳುತ್ತೇನೆ.

ಏಪ್ರಿಲ್‌ನಲ್ಲೇ ನಿನ್ನ ತಲೆಯಲ್ಲಿ ಇದು ಇತ್ತು. ನಾನು ಇಲ್ಲಿ ಕೂತು ಅನ್ನಮ್ಮನವರ ತೂಕದ ಅಂದಾಜು ಹಾಕುತ್ತಿದ್ದೆ. ನನ್ನನ್ನು ಚೆನ್ನಾಗಿ ಮಂಗ ಮಾಡಿದೆ.

ಖಾಜಾಮಿಯಾ

ಸ್ಪ್ರಾಕೆಟ್ಟಿಗೆ ಎಷ್ಟು ಹಲ್ಲು ಹಾಕಿಸಿದೆ?


ಕೊಂಕಲ್
9 ಜುಲೈ 2024

ಚಾಚಾರಿಗೆ,

ಗಾಡಿ ಕಳಿಸುವುದಿಲ್ಲ. ಕೊಟ್ಟ ದಿನವೇ ಅದು ನನ್ನದಾಯಿತು. ಬುಕ್ಕಿನಲ್ಲಿ ಯಾರ ಹೆಸರಾದರೂ ಇರಲಿ.

ಮೊದಲ ಎಡೆ ಮುಗಿದಿದೆ. ಮಾವ ಬದುವಿನ ಮೇಲೆ ನಿಂತು ನೋಡಿದರು. ಕಿತ್ತುಬಿದ್ದ ಹುಲ್ಲನ್ನು ಕಾಲಿನಿಂದ ತಿರುವಿ ಬೇರು ನೋಡಿದರು. ಎರಡನೇ ಎಡೆ ತಪ್ಪಿದರೆ ಹತ್ತಿ ಮುಳುಗಿತು, ನನ್ನ ಕೈಯಿಂದ ಹೊಲವೂ ಹೋಯಿತು. ಅಂಥ ಹೊತ್ತಿನಲ್ಲಿ ಬೆಸುಗೆ ಬಿಡಿಸು ಎನ್ನುತ್ತೀರಿ. ಹೇಗೆ ಬರೆಯಲು ಮನಸ್ಸಾಯಿತು ನಿಮಗೆ?

ಹಲ್ಲು ಎಷ್ಟೆಂದು ತಿಳಿಯಬೇಕಿದ್ದರೆ ಬಂದು ಎಣಿಸಿಕೊಳ್ಳಿ.

ದಾನೇಶ್ವರಿ


ಕೊಂಕಲ್
30 ಜುಲೈ 2024

ಚಾಚಾ,

ನೀವು ಬರೆಯಲಿಲ್ಲ. ನಾನೂ ಬರೆಯಬಾರದು ಎಂದಿದ್ದೆ. ಆದರೆ ನಿನ್ನೆ ಊರ ಮಂದಿಯ ಮುಂದೆ ನಿಮ್ಮ ಹೆಸರು ಹಿಡಿದು ಒಂದು ಮಾತು ಆಡಿದ್ದೇನೆ. ಅದು ನಿಮಗೆ ತಿಳಿದಿರಬೇಕು.

ಜಿಟಿಜಿಟಿ ಮಳೆ ಬಿಡದೆ ಹಿಡಿದಿತ್ತು. ಹುಲ್ಲು ಹತ್ತಿಯ ಸೊಂಟಕ್ಕೆ ಬಂದಿತ್ತು. ಭಾನುವಾರ ಬಿಸಿಲು ಬಿದ್ದರೂ ಹೊಲಕ್ಕೆ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತಿತ್ತು. ನಿನ್ನೆ ಬೆಳಿಗ್ಗೆ ಮಣ್ಣು ಹಿಡಿದು ನೋಡಿದೆ, ಅಂಟದೆ ಉದುರಿತು. ಹದ ಬಂದಿತ್ತು. ಮಂಗಳವಾರದಿಂದ ಮತ್ತೆ ಮಳೆ ಎಂದು ಎಲ್ಲರ ಮೊಬೈಲೂ ಹೇಳುತ್ತಿತ್ತು. ಇದ್ದದ್ದು ಅದೊಂದೇ ದಿನ, ಅದು ಸೋಮವಾರ. ಬಸವಣ್ಣನ ವಾರ, ಊರಿನಲ್ಲಿ ಯಾರೂ ಎತ್ತು ಹೂಡುವುದಿಲ್ಲ. ನನ್ನದು ಪೆಟ್ರೋಲ್ ಕುಡಿಯುವ ಎತ್ತು, ನನಗೇನು ಎಂದು ಮಲ್ಲಿಕಮ್ಮನನ್ನು ಕರೆದುಕೊಂಡು ಹೊಲಕ್ಕಿಳಿದೆ.

ಎರಡು ಸಾಲು ಮುಗಿದಿರಲಿಲ್ಲ, ಹಿರಿಯ ಮೌನಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬದುವಿಗೆ ಬಂದರು. ಜೊತೆಯಲ್ಲಿ ಮಾವನನ್ನೂ ಕರೆತಂದಿದ್ದರು.

"ಏ ದಾನಮ್ಮ, ನಿಲ್ಲಸು. ಇವತ್ತು ಯಾವ ವಾರ ಗೊತ್ತದ ಇಲ್ಲೋ?"

"ಗೊತ್ತದರಿ ಯಪ್ಪಾ. ನಾ ಎತ್ತು ಎಲ್ಲಿ ಹೂಡೇನ್ರಿ? ಇದು ಗಾಡಿ ಅದ."

"ಈಗ ಗಾಡಿ ಅಂತಿ. ಕಾರಹುಣ್ಣಿಮಿಗಿ ಅರಿಷಿಣ ಹಚ್ಚಿ, ಗಂಟಿ ಕಟ್ಟಿ, ಹೋಳಿಗಿ ತಿನ್ನಿಸಿ, ಅಗಸ್ಯಾಗ ಎತ್ತಿನ ಜೋಡಿ ಓಡಿಸಿದವ್ರು ಯಾರು? ಎತ್ತಿನ ಪೂಜಿ ಉಂಡದ ಅಂದ ಮ್ಯಾಲ ಅದು ಎತ್ತಾ. ಸೋಮವಾರ ಅದಕ್ಕೂ ಸೂಟಿ."

ನಾಲ್ವರೂ ಹೌದು ಹೌದು ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಅತ್ತೆ ಅದನ್ನು ಎತ್ತೆಂದೇ ಪೂಜಿಸಿದ್ದರು, ಎತ್ತೆಂದೇ ನಾನು ಓಡಿಸಿದ್ದೆ. ಮಾವ ಅವರ ಜೊತೆಗೇ ನಿಂತಿದ್ದರು. ಅವರು ಬೇಡವೆಂದರೆ ಅಲ್ಲಿಗೆ ಎಡೆಯೂ ಮುಗಿಯಿತು, ಹೊಲವೂ ಮುಗಿಯಿತು.

ಆಗ ಬಾಯಿಗೆ ಬಂತು ನೋಡಿ. "ಎತ್ತು ಅಂತೀರಿ, ಆಗಲ್ರಿ. ಯಾರ ಎತ್ತು? ಬುಕ್ಕಿನ್ಯಾಗ ಖಾಜಾಮಿಯಾ ಚಾಚಾರ ಹೆಸರದ. ಅವ್ರು ಶುಕ್ರವಾರ ನಮಾಜಿಗಿ ಹೋಗೂ ಮಂದಿ. ಅವ್ರ ಎತ್ತಿಗಿ ಸೂಟಿ ಶುಕ್ರವಾರ. ಶುಕ್ರವಾರ ಇದನ್ನ ನಾ ಮುಟ್ಟಂಗಿಲ್ಲ, ಮಾತು ಕೊಡ್ತೀನಿ."

ಮೌನಪ್ಪ ಮಾವನ ಕಡೆ ತಿರುಗಿದರು. "ಖಾಜಾನ ಅಪ್ಪನ ಹೊಲ ನಿಮ್ಮ ಬಾಜೂಕ ಇತ್ತಲ್ಲ ಅಮರಪ್ಪ. ನಮ್ಮ ಹೊಲ ಊರ ಆಚಿಕಡಿ, ನಮಗ ಗೊತ್ತಿಲ್ಲ. ನೀ ಹೇಳು, ಖರೇ ಏನು?"

ಮಾವ ಹುಲ್ಲಿನ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. "ಖರೇ," ಎಂದರು. "ಅವ್ರ ಮನ್ಯಾಗ ಶುಕ್ರವಾರ ಎತ್ತು ಹೂಡ್ತಿದ್ದಿಲ್ಲ, ಸೋಮವಾರ ಹೂಡ್ತಿದ್ರು. ಸಣ್ಣಾಂವ ಇದ್ದಾಗ ನಾ ಕಣ್ಣಿಲೆ ನೋಡೇನಿ."

"ಹಂಗಿದ್ರ ಹೊಡಿವ್ವಾ," ಎಂದು ಮೌನಪ್ಪ ಹೊರಟುಹೋದರು. ಹೊತ್ತು ಮುಳುಗುವಷ್ಟರಲ್ಲಿ ಪೂರಾ ಹೊಲ ಮುಗಿಸಿದೆವು. ಇವತ್ತು ನಸುಕಿನಿಂದ ಮಳೆ ಸುರಿಯುತ್ತಿದೆ. ಹತ್ತಿಯ ಸಾಲು ಬಾಚಿದ ತಲೆಯಂತೆ ಕಾಣುತ್ತಿದೆ. ಕುರುಡು ಧೈರ್ಯದಲ್ಲಿ ಹೊಡೆದ ಮಾತು ನಿಜವೇ ಆಗಿತ್ತಲ್ಲ, ನನ್ನ ಅದೃಷ್ಟ.

ಈಗ ತೊಡಕು ಕೇಳಿ. ಗಾಡಿ ನನ್ನದೆಂದು ನಿಮ್ಮ ಜೊತೆ ಜಗಳ ಮಾಡಿದ್ದೆ, ಊರ ಮುಂದೆ ನಿಮ್ಮದೆಂದು ಹೇಳಿದ್ದೇನೆ. ನೀವು ಕೇಳಿದರೆ ಕಳಿಸಲೇಬೇಕು. ಕೇಳಬೇಡಿ ಎಂದು ಬೇಡಿಕೊಳ್ಳುತ್ತೇನೆ. ಎಂಜಿನ್ ಕಾಯುತ್ತದೆ, ನಾಲ್ಕಾರು ಸಾಲಿಗೊಮ್ಮೆ ಬೇವಿನ ನೆರಳಿಗೆ ನಿಲ್ಲಿಸಬೇಕು. ಉಪಾಯ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಹಲ್ಲು ಐವತ್ತೆರಡು.

ದಾನೇಶ್ವರಿ


ಹೈದರಾಬಾದ್
10 ಆಗಸ್ಟ್ 2024

ದಾನೇಶ್ವರಿ ಬೇಟಿ,

ಐವತ್ತೆರಡು! ಕಾಯದೆ ಇನ್ನೇನು ಮಾಡುತ್ತದೆ? ಗಾಡಿ ಮೆಲ್ಲಗೆ, ಎಂಜಿನ್ ಜೋರಾಗಿ, ಗಾಳಿ ಎಲ್ಲಿಂದ ಬರಬೇಕು? ಹಳೆಯ ಕಾರಿನ ರೇಡಿಯೇಟರಿನ ಫ್ಯಾನ್ ಒಂದನ್ನು ಎಂಜಿನ್ನಿನ ಮುಂದೆ ಕೂರಿಸಬೇಕು, ಅದಕ್ಕೆ ಬೇರೆಯೇ ಬ್ಯಾಟರಿ. ಇಲ್ಲಿಯ ಗುಜರಿಯಲ್ಲಿ ಒಂದು ನೋಡಿ ಇಟ್ಟಿದ್ದೇನೆ. ಹೌದು, ಮೆಟ್ಟಿಲಿಳಿದು ಹೋಗಿದ್ದೆ. ಬಾದಶಹಾನಂತೆ ಇದ್ದೇನೆ ಎಂದು ಬರೆದದ್ದು ಸುಳ್ಳು. ಕಹಕಶಾ ಕಣ್ಣಿನಂತೆ ನೋಡಿಕೊಳ್ಳುತ್ತಾಳೆ, ಆದರೆ ಕೈಗೆ ಕೆಲಸವಿಲ್ಲದೆ ನಾನು ಕಿಟಕಿಯಲ್ಲೇ ತುಕ್ಕು ಹಿಡಿಯುತ್ತಿದ್ದೆ. ಕೊಯ್ದದ್ದಕ್ಕೆ ಸಿಟ್ಟು ಎಂದುಕೊಂಡಿದ್ದೆ. ನನ್ನನ್ನು ಬಿಟ್ಟು ಕೊಯ್ದೆಯಲ್ಲ, ಸಿಟ್ಟು ಅದಕ್ಕೆ. ಏಪ್ರಿಲ್‌ನಲ್ಲೇ ನಿಜ ಹೇಳಿದ್ದರೆ ಎರಡು ದಿನ ಬೈದು ಮೂರನೇ ದಿನ ನಕ್ಷೆ ಬರೆದು ಕಳಿಸುತ್ತಿದ್ದೆ.

ಈಗ ಗಟ್ಟಿಯಾಗಿ ಕೂತು ಓದು. ನಮ್ಮ ಅಪ್ಪ ಬದುಕಿರುವವರೆಗೆ ಒಂದೇ ಒಂದು ಸೋಮವಾರ ಎತ್ತು ಹೂಡಲಿಲ್ಲ. ಶುಕ್ರವಾರ ಅವನು ನಮಾಜಿಗೆ ಹೋಗುತ್ತಿದ್ದ, ಎತ್ತುಗಳು ಆಳಿನ ಜೊತೆ ಹೊಲಕ್ಕೆ ಹೋಗುತ್ತಿದ್ದವು. ಊರ ಪದ್ಧತಿ ಯಾವುದೋ ಅದೇ ನಮ್ಮ ಪದ್ಧತಿ. ಸೋಮವಾರ ಆ ಎತ್ತುಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈತೊಳೆಯುತ್ತಿದ್ದವರು ಇಬ್ಬರು ಹುಡುಗರು. ಒಬ್ಬ ನಾನು. ಇನ್ನೊಬ್ಬ ನಿನ್ನ ಮಾವ ಅಮರಪ್ಪ.

ಅವನಿಗೆ ಮರೆತಿರಲು ಸಾಧ್ಯವಿಲ್ಲ. ಅಮರಪ್ಪ ಸುಳ್ಳಾಡಿದ್ದನ್ನು ನಾನು ಇದುವರೆಗೆ ಕೇಳಿಲ್ಲ. ಊರ ಹಿರಿಯರ ಮುಂದೆ, ಬಸವಣ್ಣನ ವಾರದ ದಿನ, ಗೊತ್ತಿದ್ದೂ ಖರೇ ಎಂದಿದ್ದಾನೆ. ನಿನ್ನ ಮಾತು ಗೆದ್ದಿತು ಎಂದು ಹಿಗ್ಗಬೇಡ ಮಗಳೇ, ಅವನು ಗೆಲ್ಲಿಸಿದ.

ಗಾಡಿಯನ್ನು ನಿನ್ನ ಹೆಸರಿಗೆ ಮಾಡಿಕೊಡೋಣ ಎಂದು ಕಹಕಶಾ ಬರೆದು ತೋರಿಸಿದಳು. ಬೇಡ ಎಂದೆ. ನನ್ನ ಹೆಸರಿನಲ್ಲೇ ಇರಲಿ, ನಿನಗೆ ಸೋಮವಾರ ಬೇಕಲ್ಲ. ಫ್ಯಾನ್ ತೆಗೆದುಕೊಂಡು ನಾನೇ ಬರುತ್ತೇನೆ. ಬೆಸುಗೆ ನೋಡಬೇಕು, ಸರಿಯಿಲ್ಲದಿದ್ದರೆ ಆಗ ಬೈಯುತ್ತೇನೆ.

ಖಾಜಾಮಿಯಾ


ಕೊಂಕಲ್
5 ಸೆಪ್ಟೆಂಬರ್ 2024

ಚಾಚಾ,

ನಿಮ್ಮ ಪತ್ರವನ್ನು ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು ಓದಿದೆ, ಅಲ್ಲೇ ಅತ್ತುಬಿಟ್ಟೆ. ಆಮೇಲೆ ಮಾವನಿಗೆ ಓದಿ ಹೇಳಿದೆ. ಫ್ಯಾನಿನ ಮಾತು, ಗುಜರಿಯ ಮಾತು, ನೀವು ಬರುವ ಮಾತು ಎಲ್ಲ ಹೇಳಿದೆ. ನಿಮ್ಮ ಅಪ್ಪನ ಎತ್ತುಗಳ ಮಾತು ಮಾತ್ರ ಓದಲಿಲ್ಲ. ಅವರು ಯಾಕೋ ನನ್ನ ಮುಖವನ್ನೇ ನೋಡುತ್ತಿದ್ದರು. "ಇಷ್ಟಾ ಬರದಾನೇನು?" ಎಂದು ಕೇಳಿದರು. ಇಷ್ಟೇ ಎಂದೆ.

ಹತ್ತಿ ಎದೆಯುದ್ದ ಬೆಳೆದು ಹೂವಿಗೆ ಬಂದಿದೆ. ನಿನ್ನೆ, ಹೊಲ ಲೀಜಿಗೆ ಕೇಳಿದ್ದ ಹುಣಸಗಿಯ ಮನುಷ್ಯ ಬಂದಿದ್ದ. ನಾನು ಒಳಗೆ ಚಹಾ ಸೋಸುತ್ತಿದ್ದೆ. ಅವನು ಯುಗಾದಿಯಿಂದ ಹೊಲ ಲೀಜಿಗೆ ಹಿಡಿಯುವ ಮಾತು ತೆಗೆದ. ಮಾವ ಏನು ಹೇಳುತ್ತಾರೋ ಎಂದು ನನ್ನ ಕೈ ನಿಂತಿತು.

"ನನ್ನ ಯಾಕ ಕೇಳ್ತೀಪಾ?" ಎಂದರು. "ಹೊಲದ ಮಾತು ಅಕಿ ಜೋಡಿ ಆಡು." ಆಮೇಲೆ ಒಳಗೆ ಕೇಳುವಂತೆ ಕೂಗಿದರು, "ದಾನಮ್ಮ, ಹೊರಗ ಬಾ. ನಿನ್ನ ಹೊಲ ಕೇಳಾಕ ಬಂದಾರ."

ಚಹಾ ಅಲ್ಲೇ ಬಿಟ್ಟು ಹೊರಗೆ ಬಂದು, ಮಾವನ ಪಕ್ಕದಲ್ಲಿ ನಿಂತು, ಕೊಡುವುದಿಲ್ಲ ಎಂದೆ.

ದಾನೇಶ್ವರಿ